ಎಡಗಡೆಯ ಕಿಟಕಿ

ಪ್ರವಾಸದ ಸುಖದಲ್ಲಿ ಮುಕ್ಕಾಲು ಪಾಲು ಹೊರಡುವ ಮುನ್ನವೇ ಸಂದುಬಿಡುತ್ತದೆಂದು ಬಲ್ಲವರು ಹೇಳುತ್ತಾರೆ. ಮೇಜಿನ ಮೇಲೆ ಭೂಪಟ ಹರಡಿಕೊಂಡು, ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕುಳಿತವನಿಗೆ ಬಿಸಿಲಿಲ್ಲ, ಧೂಳಿಲ್ಲ, ಚಕ್ರದ ಗಾಳಿ ಇಳಿದೀತೆಂಬ ಅಂಜಿಕೆಯಿಲ್ಲ. ಊರಿಂದ ಊರಿಗೆ ಅವನು ಬೆರಳ ತುದಿಯಲ್ಲಿ ಹಾರುತ್ತಾನೆ. ಅವನಿಗೆ ಸಿಕ್ಕುವ ಕೋಣೆಗಳೆಲ್ಲ ಸಮುದ್ರದ ಕಡೆಯವೇ. ಅವನು ಹೋದ ದೇವಸ್ಥಾನದಲ್ಲಿ ಸರತಿಯ ಸಾಲಿರುವುದಿಲ್ಲ. ಅವನ ದೋಸೆ ಎಂದೂ ಆರುವುದಿಲ್ಲ.

ಆದರೆ ಇದು ಒಬ್ಬನೇ ಹೊರಡುವವನ ಮಾತು. ಒಬ್ಬನಿದ್ದರೆ ಅಲ್ಲಿ ರಾಜಪ್ರಭುತ್ವ, ತೋಚಿದ್ದೇ ಶಾಸನ. ಮೂವರಿದ್ದರೆ ಪ್ರಜಾಪ್ರಭುತ್ವ, ಕೈ ಎತ್ತಿಸಿ ಎಣಿಸಿದರೆ ಎತ್ತಲಾದರೂ ಒಂದು ಕಡೆ ಬಹುಮತ ಬೀಳಲೇಬೇಕು. ಇಬ್ಬರೇ ಇದ್ದರೆ ಮಾತ್ರ ಪೀಕಲಾಟ. ಒಂದು ಮತ ಈಚೆ, ಒಂದು ಮತ ಆಚೆ, ಅಧ್ಯಕ್ಷರಿಗೆ ಜಾಗವಿಲ್ಲ. ಇಂಥ ಸಂಸ್ಥಾನವನ್ನು ನಡೆಸುವುದು ಕಾನೂನು ಕಟ್ಟಳೆಯಿಂದ ಆಗುವ ಕೆಲಸವಲ್ಲ. ಮತ್ತಾವುದರಿಂದ ಆಗುತ್ತದೆ ಎಂಬುದನ್ನು ಒಂದು ತಿಂಗಳಿಂದ ನಾನೂ ನನ್ನಾಕೆಯೂ ರಾತ್ರಿ ಊಟವಾದ ಮೇಲೆ ಕುಳಿತು ಶೋಧಿಸುತ್ತಿದ್ದೇವೆ.

ವಿಷಯ ಇಷ್ಟೆ. ನಮಗೆ ಮದುವೆಯಾಗಿ ಬರುವ ಜನವರಿಗೆ ೩೯ ವರ್ಷ ತುಂಬುತ್ತದೆ. ಇಷ್ಟು ವರ್ಷದಲ್ಲಿ ನಾವು ಪ್ರವಾಸವನ್ನೇ ಮಾಡಿಲ್ಲವೆಂದರೆ ಸುಳ್ಳಾದೀತು. ತಿರುಪತಿಗೆ ಹೋಗಿದ್ದೇವೆ, ನಮ್ಮ ತಾಯಿಯವರ ಜೊತೆ. ಧರ್ಮಸ್ಥಳಕ್ಕೆ ಹೋಗಿದ್ದೇವೆ, ಮಕ್ಕಳ ಕೂದಲು ತೆಗೆಸುವುದಕ್ಕೆ. ಊಟಿಗೂ ಹೋಗಿದ್ದೇವೆ, ಕಚೇರಿಯ ಹನ್ನೊಂದು ಸಂಸಾರಗಳು ಒಂದೇ ಬಸ್ಸಿನಲ್ಲಿ, ಹನ್ನೊಂದು ಬುತ್ತಿ, ಇಪ್ಪತ್ತು ಮಕ್ಕಳು. ಮದುವೆ, ಮುಂಜಿ, ಗೃಹಪ್ರವೇಶಗಳ ನೆಪದಲ್ಲಿ ಕಂಡ ಊರುಗಳಿಗೆ ಲೆಕ್ಕವಿಲ್ಲ. ಆದರೆ ಯಾರ ಮದುವೆಯೂ ಇಲ್ಲದೆ, ಯಾವ ದೇವರ ಹರಕೆಯೂ ಇಲ್ಲದೆ, ನಾವಿಬ್ಬರೇ ಬಾಗಿಲಿಗೆ ಬೀಗ ಹಾಕಿ ಹೊರಟದ್ದು ಒಂದು ದಿನವೂ ಇಲ್ಲ. ಈಗ ನನಗೆ ನಿವೃತ್ತಿಯಾಗಿದೆ. ಮಕ್ಕಳು ತಂತಮ್ಮ ಊರು ಸೇರಿದ್ದಾರೆ. ಮಗ ಬಿಟ್ಟುಹೋದ ಸಣ್ಣ ಕಾರೊಂದು ಬಾಗಿಲಲ್ಲಿ ನಿಂತಿದೆ. ಒಂದು ವಾರ, ಇಬ್ಬರೇ, ಕರಾವಳಿಗೆ, ಎಂದು ನಿಶ್ಚಯವಾಯಿತು.

ಕರಾವಳಿಯೇ ಏಕೆಂದರೆ, ನನ್ನಾಕೆ ಘಟ್ಟದ ಕೆಳಗಿನವಳು, ಅಂಕೋಲೆಯ ಕಡೆಯವಳು. ನಾನು ಘಟ್ಟದ ಮೇಲಿನ ಬಯಲುಸೀಮೆಯವನು. ನನಗೆ ಸಮುದ್ರವೆಂದರೆ ದುಡ್ಡು ಖರ್ಚು ಮಾಡಿ ಹೋಗಿ ನೋಡಬೇಕಾದ ವಸ್ತು. ಆಕೆಗೆ ಅದು ಹಿತ್ತಿಲು. ಆಕೆಯ ತಂದೆ ತಾಯಿ ತೀರಿಕೊಂಡ ಮೇಲೆ ಆ ಕಡೆಗೆ ಹೋಗುವ ಕಾರಣಗಳು ಒಂದೊಂದಾಗಿ ಉದುರಿಹೋದವು. ಹನ್ನೆರಡು ವರ್ಷದಿಂದ ಆಕೆ ಘಟ್ಟ ಇಳಿದಿಲ್ಲ.

ನಾವು ಹೊರಡುವ ಸುದ್ದಿ ಹೇಗೋ ಬೀದಿಯಲ್ಲಿ ಹಬ್ಬಿತು. ನಮ್ಮ ಜನ ಸಾಲ ಕೊಡುವುದಕ್ಕೆ ಹಿಂಜರಿಯಬಹುದು, ಸಲಹೆ ಕೊಡುವುದಕ್ಕೆ ಹಿಂಜರಿಯುವವರಲ್ಲ. ಒಬ್ಬರು, ಕೊಲ್ಲೂರು ನೋಡದಿದ್ದರೆ ಹೋಗಿಯೂ ಹೋಗದ ಹಾಗೆ ಎಂದರು. ಇನ್ನೊಬ್ಬರು ಯಾಣದ ಬಂಡೆಗಳ ವಿಷಯದಲ್ಲಿ ಅದೇ ಮಾತನ್ನು ಹೇಳಿದರು. ಮೂರನೆಯವರು ಯಾವುದೋ ಓಣಿಯ ಯಾವುದೋ ಹೋಟೆಲಿನ ಗೋಳಿಬಜೆಯ ಬಗ್ಗೆ, ಕಣ್ಣು ಮುಚ್ಚಿಕೊಂಡು, ಅದೇ ಮಾತನ್ನು ಹೇಳಿದರು. ಎಲ್ಲರ ಮಾತನ್ನೂ ಬರೆದುಕೊಂಡು ಎಣಿಸಿದೆ. ನಲವತ್ತಮೂರು ಸ್ಥಳಗಳಾಗಿದ್ದವು. ಏಳು ದಿನಕ್ಕೆ ಭಾಗಿಸಿದರೆ ದಿನಕ್ಕೆ ಆರು ಊರು, ಒಂದು ಊರು ಶೇಷ.

ಏಳು ದಿನವೆಂಬುದೂ ಬರಿಯ ಹೆಸರಿಗೆ. ಬೆಂಗಳೂರಿನಿಂದ ಶಿರಾಡಿ ಘಟ್ಟದ ಮೇಲೆ ಮಂಗಳೂರಿಗೆ ಸುಮಾರು ೩೫೦ ಕಿಲೋಮೀಟರು. ನನ್ನ ವಯಸ್ಸಿನ ಚಾಲಕನಿಗೆ ಅದು ಪೂರ್ತಿ ಒಂದು ದಿನ. ಕಾರವಾರದಿಂದ ಯಲ್ಲಾಪುರ, ಹುಬ್ಬಳ್ಳಿಯ ದಾರಿಯಾಗಿ ಹಿಂದಿರುಗುವುದು ಐನೂರು ಕಿಲೋಮೀಟರಿಗೂ ಮೇಲೆ. ಬೆಳಗಿನ ಜಾವ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೀಗೆ ಮೊದಲನೆಯ ದಿನವನ್ನೂ ಕೊನೆಯ ದಿನವನ್ನೂ ಘಟ್ಟಗಳೇ ನುಂಗಿಬಿಡುತ್ತವೆ. ಸಮುದ್ರಕ್ಕೆ ಉಳಿಯುವುದು ಐದು ದಿನ.

ಆದರೆ ಮಂಗಳೂರಿನಿಂದ ಕಾರವಾರಕ್ಕೆ ಇರುವುದೆಷ್ಟು? ಸುಮಾರು ೨೭೦ ಕಿಲೋಮೀಟರು. ಹಿಂದೆ ೧೭ ಎಂಬ ಅಂಕೆಯಿದ್ದು ಈಗ ೬೬ ಆಗಿರುವ ಹೆದ್ದಾರಿಯಲ್ಲಿ ಬೆಳಿಗ್ಗೆ ತಿಂಡಿ ತಿಂದು ಹೊರಟವನು ಮಧ್ಯಾಹ್ನದ ಚಹಾಕ್ಕೆ ಕಾರವಾರ ಸೇರಬಹುದು. “ಅರ್ಧ ದಿನದ ದಾರಿಗೆ ಐದು ದಿನವೇ?” ಎಂದು ಫೋನಿನಲ್ಲಿ ಮಗ ನಕ್ಕ. ಅವನಿಗೆ ಉತ್ತರ ಕೊಟ್ಟವಳು ಅವನ ತಾಯಿ: “ಹೊಳೆಗಳನ್ನು ಲೆಕ್ಕ ಹಾಕಿದ್ದೀಯೇನೋ?”

ಈ ಮಾತಿನಲ್ಲಿ ಅರ್ಥವಿದೆ. ಘಟ್ಟದಲ್ಲಿ ಹುಟ್ಟಿದ ಹೊಳೆಗಳೆಲ್ಲ ಪಶ್ಚಿಮಕ್ಕೆ ಇಳಿದು ಈ ಹೆದ್ದಾರಿಗೆ ಅಡ್ಡಲಾಗಿ ಹರಿಯುತ್ತವೆ. ಗುರುಪುರ ಹೊಳೆ, ಶಾಂಭವಿ, ಉದ್ಯಾವರದ ಹೊಳೆ, ಸ್ವರ್ಣಾ, ಸೀತಾ. ಕುಂದಾಪುರದ ಬಳಿ ಗುಂಪುಕೂಡಿ ಸಮುದ್ರ ಸೇರುವ ಹೊಳೆಗಳು. ಆಮೇಲೆ ಶರಾವತಿ, ಅಘನಾಶಿನಿ, ಗಂಗಾವಳಿ. ಎಲ್ಲಕ್ಕೂ ಕೊನೆಗೆ ಕಾಳಿ. ಸೇತುವೆಗಳು ಬರುವ ಮೊದಲು ಒಂದೊಂದು ಹೊಳೆಯ ದಂಡೆಯಲ್ಲೂ ಪ್ರಯಾಣಿಕ ಇಳಿಯಬೇಕಾಗಿತ್ತು, ದೋಣಿಗೆ ಕಾಯಬೇಕಾಗಿತ್ತು, ಕಾಯುವಾಗ ಪಕ್ಕದವರ ಊರು, ಕುಲ, ಮಗಳ ಮದುವೆ ಎಲ್ಲವನ್ನೂ ವಿಚಾರಿಸಬೇಕಾಗಿತ್ತು. ನನ್ನಾಕೆ ಚಿಕ್ಕವಳಿದ್ದಾಗ ಕಾರವಾರದ ಕೋಡಿಬಾಗದಿಂದ ಆಚೆಯ ಸದಾಶಿವಗಡಕ್ಕೆ ಕಾಳಿಯನ್ನು ಲಾಂಚಿನಲ್ಲಿ ದಾಟಿದವಳು. ಆಮೇಲೆ ಅಲ್ಲಿ ಸೇತುವೆಯಾಯಿತು. ಅದು ಸುಮಾರು ೪೦ ವರ್ಷ ದುಡಿದು, ೨೦೨೪ರ ಆಗಸ್ಟ್ ೭ರ ನಡುರಾತ್ರಿ ಮುರಿದು ಹೊಳೆಗೆ ಬಿತ್ತು. ಅದರ ಪಕ್ಕದಲ್ಲಿ ಆಗಲೇ ಕಟ್ಟಿದ್ದ ಹೊಸ ಸೇತುವೆಯ ಮೇಲೆ ಈಗ ಸಂಚಾರ. ಸೇತುವೆಯೊಂದು ಹುಟ್ಟಿ, ಬಾಳಿ, ಮುಗಿದದ್ದನ್ನು ಒಂದೇ ಆಯುಸ್ಸಿನಲ್ಲಿ ಕಂಡವಳಿಗೆ ಹೊಳೆಗಳ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿರಬೇಕಾದದ್ದೇ. ಹಿಂದೆ ಹೊಳೆಗಳು ಬಲವಂತದಿಂದ ಕೊಡುತ್ತಿದ್ದ ನಿಧಾನವನ್ನು ಈಗ ನಾವೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ದಿನಕ್ಕೆ ನೂರು ಕಿಲೋಮೀಟರಿಗೆ ಮೀರಕೂಡದು, ಸೂರ್ಯ ಮುಳುಗಿದ ಮೇಲೆ ಗಾಡಿ ಕದಲಕೂಡದು ಎಂದು ಐದು ದಿನಕ್ಕೂ ಶಾಸನವಾಯಿತು. ಈ ಎರಡಕ್ಕೆ ಮಾತ್ರ ಎರಡು ಮತಗಳೂ ಒಂದೇ ಕಡೆ ಬಿದ್ದವು.

ಯಾವಾಗ ಹೋಗುವುದು ಎಂಬುದರಲ್ಲಿ ಹಾಗಾಗಲಿಲ್ಲ. ಆಕೆಗೆ ಮಳೆಗಾಲ ಬೇಕು. ಆಷಾಢದಲ್ಲಿ ಸಮುದ್ರ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ ಮೈಲಿ ದೂರಕ್ಕೆ ಕೇಳುವಂತೆ ಮೊರೆಯುವುದು, ಪತ್ರೊಡೆಗೆ ಕೆಸುವಿನ ಎಲೆ ಎಳೆಯದಾಗಿ ಸಿಕ್ಕುವುದು, ಎಲ್ಲ ಆಗಲೇ. ನಾನು ಮಳೆಗಾಲಕ್ಕೆ ಒಪ್ಪಲಿಲ್ಲ. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳು ಆಗ ಓಡುವುದಿಲ್ಲ. ಅದು ದೊಡ್ಡ ಮಾತಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿಯ ಪಕ್ಕದ ಚಹಾದ ಅಂಗಡಿಯನ್ನೂ ಅಲ್ಲಿ ನಿಂತಿದ್ದ ಗಾಡಿಗಳನ್ನೂ ಗಂಗಾವಳಿಗೆ ನೂಕಿತು. ಅದರಲ್ಲಿ ಒಂದು ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಚಹಾ ಕುಡಿಯುವುದಕ್ಕೆಂದು ಗಾಡಿ ನಿಲ್ಲಿಸಿದವರು ಅವರು, ನಾವೂ ನಿಲ್ಲಿಸುವವರೇ. ಇದನ್ನು ಹೇಳಿದ ಮೇಲೆ ಆಕೆ ಮಳೆಯ ಮಾತು ಎತ್ತಲಿಲ್ಲ. ಜನವರಿ ಎಂದಾಯಿತು. ಆಗ ಹವೆ ಹಿತ, ಸಮುದ್ರ ಶಾಂತ, ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುತ್ತವೆ.

ಇನ್ನು ದಿಕ್ಕಿನ ಪ್ರಶ್ನೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವುದೋ, ಉತ್ತರದಿಂದ ದಕ್ಷಿಣಕ್ಕೋ? ಇದೇನು ಪ್ರಶ್ನೆ, ಎತ್ತ ಹೋದರೂ ಅದೇ ರಸ್ತೆ, ಅದೇ ಊರುಗಳು ಎಂದು ನೀವು ಕೇಳಬಹುದು. ವಾಚಕರೆ, ಗಂಡ ಹೆಂಡಿರು ಕಾರಿನಲ್ಲಿ ಕೂಡುವ ಕ್ರಮವನ್ನು ಸ್ವಲ್ಪ ನೆನೆಯಿರಿ. ನಮ್ಮ ದೇಶದಲ್ಲಿ ಗಾಡಿ ನಡೆಸುವವನು ಬಲಕ್ಕೆ, ಜೊತೆಯಲ್ಲಿ ಕೂತವರು ಎಡಕ್ಕೆ. ನಮ್ಮ ಸಮುದ್ರ ಇರುವುದು ಪಶ್ಚಿಮಕ್ಕೆ. ಉತ್ತರಕ್ಕೆ ಮುಖ ಮಾಡಿ ಹೊರಟರೆ ಸಮುದ್ರ ಎಡಗಡೆಗೆ ಬರುತ್ತದೆ. ಅಂದರೆ ಐದು ದಿನವೂ ಸಮುದ್ರ ಆಕೆಯ ಕಿಟಕಿಯಲ್ಲಿ. ದಕ್ಷಿಣಕ್ಕೆ ಹೊರಟರೆ ಅದು ನನ್ನ ಪಾಲು; ಆದರೆ ನಾನು ಕಣ್ಣನ್ನು ಎದುರಿನ ಲಾರಿಯ ಮೇಲೆ ನೆಟ್ಟಿರಬೇಕಾದವನು. ಸಮುದ್ರವನ್ನು ನನಗೆ ಕೊಟ್ಟರೆ ನೀರಿನಲ್ಲಿ ಹೋಮ ಮಾಡಿದಂತೆ. ಆದುದರಿಂದ ಮಂಗಳೂರಿನಿಂದ ಶುರು ಮಾಡಿ ಕಾರವಾರದಲ್ಲಿ ಮುಗಿಸುವುದೆಂದು ಗೆರೆ ಎಳೆದೆ. ಕಾರಣವನ್ನು ಆಕೆಗೆ ಹೇಳಿದಾಗ ಸಂತೋಷಪಟ್ಟಳು. ಆಮೇಲೆ ಸ್ವಲ್ಪ ಹೊತ್ತು ಭೂಪಟವನ್ನೇ ನೋಡುತ್ತ ಕುಳಿತು, “ಹಾಗಾದರೆ ಕೊನೆಗೆ ಆ ಗೋಡೇನೂ ನನ್ನ ಕಡೆಗೇ ಬರುತ್ತೆ,” ಎಂದಳು.

ಆ ಗೋಡೆಯ ವಿಷಯ ಇಲ್ಲಿ ಹೇಳಬೇಕು. ಬಯಲುಸೀಮೆಯಲ್ಲಿ ನಾವು ಅಜ್ಜಿಯ ಮನೆ ಎನ್ನುವುದನ್ನು ಅವರ ಕಡೆ ಅಜ್ಜನ ಮನೆ ಎನ್ನುತ್ತಾರೆ. ನನ್ನಾಕೆಯ ಅಜ್ಜನ ಮನೆ ಅಂಕೋಲೆಗೂ ಕಾರವಾರಕ್ಕೂ ನಡುವಿನ ಒಂದು ಹಳ್ಳಿಯಲ್ಲಿತ್ತು. ಆ ಭಾಗದಲ್ಲಿ ಸಹ್ಯಾದ್ರಿಯ ಕವಲುಗಳು ಸಮುದ್ರದ ಬಳಿಗೇ ಬಂದುಬಿಡುತ್ತವೆ. ಬೆನ್ನಿಗೆ ಗುಡ್ಡ, ಎದುರಿಗೆ ಸಮುದ್ರ, ನಡುವೆ ತೆಂಗಿನ ತೋಟ, ನಾಲ್ಕು ಗದ್ದೆ, ಹಂಚಿನ ಮನೆ. ಬೇಸಿಗೆ ರಜೆಯೆಲ್ಲ ಆಕೆ ಅಲ್ಲೇ ಬೆಳೆದವಳು. ಆ ಕರಾವಳಿಯ ಒಂದಷ್ಟು ಹಳ್ಳಿಗಳು ನೌಕಾನೆಲೆಗೆಂದು ದೇಶಕ್ಕೆ ಬೇಕಾದವು. ಸಾವಿರಾರು ಸಂಸಾರಗಳು ಗಂಟು ಕಟ್ಟಿಕೊಂಡು ಎದ್ದುವು. ಅಜ್ಜನ ಮನೆಯೂ ಅದರಲ್ಲಿ ಒಂದು. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ಆ ಮನೆಯವರೂ ದೂರಿನ ದನಿಯಲ್ಲಿ ಇದನ್ನು ಆಡಿದ್ದನ್ನು ನಾನು ಕೇಳಿಲ್ಲ. ದೇಶಕ್ಕೆ ಬಂದರು ಬೇಕು, ಬಂದರಿಗೆ ಕಡಲತಡಿ ಬೇಕು. ಅಷ್ಟು ಮಾತ್ರ ನಿಜ. ಇಷ್ಟೂ ನಿಜ: ಸಾಮಾನ್ಯವಾಗಿ ಬಾಲ್ಯದ ಊರಿಗೆ ಮರಳಿದವರು ಮನೆ ಬಿದ್ದದ್ದನ್ನೋ, ಬೇರೆಯವರು ಅದಕ್ಕೆ ಬೇರೆ ಬಣ್ಣ ಬಳಿಸಿದ್ದನ್ನೋ ಕಂಡು ನಿಟ್ಟುಸಿರುಬಿಡುತ್ತಾರೆ. ಆಕೆಗೆ ಆ ನಿಟ್ಟುಸಿರಿಗೂ ಎಡೆಯಿಲ್ಲ. ಹೆದ್ದಾರಿಯ ಪಕ್ಕಕ್ಕೆ ಉದ್ದಕ್ಕೆ ಗೋಡೆ ಸಾಗುತ್ತದೆ, ಒಳಗೆ ಹೋಗುವಂತಿಲ್ಲ. ತವರಿಗೆ ಹೋಗುತ್ತಿದ್ದ ದಿನಗಳಲ್ಲಿ ಒಂದೆರಡು ಸಲ ಬಸ್ಸಿನಲ್ಲಿ ಆ ದಾರಿಯಾಗಿ ಕಾರವಾರಕ್ಕೆ ಹೋಗಿದ್ದೇವೆ. ಆಗೆಲ್ಲ ಆಕೆ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನಿದ್ದೆಯಲ್ಲವೆಂದು ಬಲ್ಲೆನಾದ್ದರಿಂದ ನಾನು ಎಬ್ಬಿಸುತ್ತಿರಲಿಲ್ಲ.

“ಬೇಕಾದರೆ ದಿಕ್ಕು ಬದಲಾಯಿಸೋಣ,” ಎಂದೆ.

“ಬೇಡ. ಐದು ದಿನದ ಸಮುದ್ರ ಬಿಟ್ಟು ಹತ್ತು ನಿಮಿಷದ ಗೋಡೆಗೆ ಹೆದರೋದು ಏನು ಬಂತು?” ಎಂದಳು. ಆ ರಾತ್ರಿಗೆ ಸಭೆ ಮುಗಿಯಿತು.

ಮರುದಿನದಿಂದ ನಲವತ್ತಮೂರು ಸ್ಥಳಗಳ ಸಂಹಾರ ಕಾರ್ಯ. ಇದಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು; ಇಬ್ಬರೇ ಹೊರಡುವ ಯಾರಿಗಾದರೂ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಒಬ್ಬೊಬ್ಬರಿಗೂ ಎರಡು “ಬೇಕೇ ಬೇಕು”. “ಬೇಡ”ಗಳು ಎಷ್ಟಾದರೂ ಆಗಲಿ. ಬೇಡ ಎಂದವರನ್ನು ಕಾರಣ ಕೇಳಕೂಡದು. ಬೇಕೇ ಬೇಕು ಎಂದದ್ದನ್ನು ಇನ್ನೊಬ್ಬರು ಅಳಿಸಕೂಡದು, ಅಲ್ಲಿ ಮುಖ ಸಿಂಡರಿಸಲೂ ಕೂಡದು. ಮುವ್ವತ್ತೊಂಬತ್ತು ವರ್ಷದ ಸಂಸಾರದಲ್ಲಿ ಕಾರಣ ಕೊಡದೆ ಬೇಡ ಎನ್ನುವ ಸ್ವಾತಂತ್ರ್ಯ ಇಬ್ಬರಿಗೂ ಹೊಸದು. ಮೊದಲ ದಿನ ನಾವಿಬ್ಬರೂ ಅದನ್ನು ಮಕ್ಕಳಿಗೆ ಹೊಸ ಪೀಪಿ ಸಿಕ್ಕಂತೆ ಬಳಸಿದೆವು. ಒಂದೇ ಸಂಜೆಗೆ ಇಪ್ಪತ್ತೇಳು ಸ್ಥಳಗಳು ಉರುಳಿದವು. ಘಟ್ಟದ ಬುಡಕ್ಕೆ ತಿರುಗಬೇಕಾದ ಕೊಲ್ಲೂರು, ಯಾಣ ಎರಡೂ ಹೋದವು. ಗೋಳಿಬಜೆ ಮಾತ್ರ ಉಳಿಯಿತು.

ನನ್ನ ಮೊದಲ ಬೇಕು ಮಲ್ಪೆಯಾಚೆಯ ಸೇಂಟ್ ಮೇರಿ ದ್ವೀಪ. ದಡದಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿ, ಬಡಗಿ ಕೆತ್ತಿ ನಿಲ್ಲಿಸಿದಂತೆ ಪಟ್ಟೆ ಪಟ್ಟೆಯಾದ ಕಲ್ಲಿನ ಕಂಬಗಳು. ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ನಮ್ಮ ನೆಲವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಹೀಗೆ ಸೀಳಿಕೊಂಡಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. “ಬೇರೆಯಾದ ಜಾಗ ನೋಡೋದಕ್ಕೆ ಅಷ್ಟು ದೂರ ಹೋಗಬೇಕೇ?” ಎಂದು ಆಕೆ ಕೇಳಿದಳು. ಆದರೂ ನಿಯಮದಂತೆ ಒಪ್ಪಿದಳು. ದೋಣಿ ಹತ್ತಿ ಇಳಿಯುವುದಕ್ಕೆ ಮೊಣಕಾಲು ಒಪ್ಪದಿದ್ದರೆ ತಾನು ದಡದಲ್ಲಿ ಕೂಡುವೆನೆಂದೂ, ನಾನು ಒಬ್ಬನೇ ಹೋಗಿ ಬರಬೇಕೆಂದೂ ಒಂದು ಉಪನಿಯಮ ಸೇರಿಸಿದಳು.

ಆಕೆಯ ಮೊದಲ ಬೇಕು ಯಕ್ಷಗಾನದ ಒಂದು ರಾತ್ರಿ. ಉಡುಪಿ, ಕುಂದಾಪುರದ ಸುತ್ತಿನಲ್ಲಿ ಜನವರಿಯಲ್ಲಿ ಎಲ್ಲಾದರೂ ಒಂದು ಕಡೆ ಚೆಂಡೆ ಕೇಳದ ರಾತ್ರಿ ಅಪರೂಪ. ಈಗೀಗ ಅನೇಕ ಮೇಳಗಳು ಮಧ್ಯರಾತ್ರಿಗೆ ಮುಗಿಸುವ ಕಾಲಮಿತಿಯ ಆಟ ಆಡುತ್ತವೆ. ಅದು ನನಗೆ ಅನುಕೂಲ, ಆಕೆಗೆ ಅಸಮಾಧಾನ. ಬೆಳಕು ಹರಿಯುವಾಗ ಮಂಗಳ ಹಾಡಿದ್ದನ್ನು ಕೇಳಿಕೊಂಡು, ಚಾಪೆ ಸುತ್ತಿಕೊಂಡು ಅಜ್ಜನ ಹಿಂದೆ ನಿದ್ದೆಗಣ್ಣಿನಲ್ಲಿ ನಡೆದು ಬರದಿದ್ದರೆ ಅದೆಂಥ ಆಟ ಎಂದು ಆಕೆಯ ವಾದ. ಅರವತ್ತು ದಾಟಿದ ಬೆನ್ನುಗಳು ಚಾಪೆಯನ್ನು ಹೇಗೆ ಸ್ವಾಗತಿಸಿಯಾವು ಎಂದು ನಾನು ಕೇಳಲಿಲ್ಲ. ಕೇಳಕೂಡದೆಂದು ನಿಯಮವಿದೆಯಲ್ಲ.

ನನ್ನ ಎರಡನೆಯ ಬೇಕು ಕಾರವಾರದ ಕಡಲತಡಿ. ೧೮೮೩ರ ಸುಮಾರಿಗೆ ರವೀಂದ್ರನಾಥ ಠಾಕೂರರು ಅಲ್ಲಿ ಕೆಲವು ಕಾಲ ಇದ್ದರು. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು, ಆಗ ಅಲ್ಲಿ ನ್ಯಾಯಾಧೀಶರು. ಇಪ್ಪತ್ತೆರಡರ ಆ ತರುಣ ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ಮುಂದೆ ತನ್ನ ನೆನಪುಗಳಲ್ಲಿ ಬರೆದುಕೊಂಡ; ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಅಲ್ಲಿಯೇ ಬರೆದ. ಲೋಕವನ್ನು ಬಿಟ್ಟೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ನಿವೃತ್ತರಾದವರು ಆ ದಂಡೆಯಲ್ಲಿ ಅರ್ಧ ಗಂಟೆ ಕುಳಿತು ಬರುವುದು ಆರೋಗ್ಯಕ್ಕೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಕೆಯ ಎರಡನೆಯ ಬೇಕನ್ನು ಆಕೆ ಬರೆಯಲಿಲ್ಲ. “ಇರಲಿ, ಆಮೇಲೆ ಹೇಳ್ತೀನಿ,” ಎಂದು ಆ ಜಾಗವನ್ನು ಖಾಲಿ ಬಿಟ್ಟಳು.

ಮಿಕ್ಕದ್ದು ಬೇಗ ಬೇಗ ಕೂಡಿತು. ಎರಡನೆಯ ದಿನ ಬೆಳಿಗ್ಗೆ ಮಂಗಳೂರಿನ ಸೇಂಟ್ ಅಲೋಷಿಯಸ್ ಪ್ರಾರ್ಥನಾಮಂದಿರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಸಂಜೆ ಕಾಪುವಿನಲ್ಲಿ ೧೯೦೧ರ ದೀಪಸ್ತಂಭ. ಮೇಲೆ ಹತ್ತುವುದು ನಾನು, ಕೆಳಗೆ ಬಂಡೆಯ ಮೇಲೆ ಚುರುಮುರಿ ತಿನ್ನುವುದು ಆಕೆ. ಮೂರನೆಯ ದಿನ ಉಡುಪಿ, ದ್ವೀಪ, ರಾತ್ರಿ ಆಟ. ಊಟಕ್ಕೆ ಮಟ್ಟುಗುಳ್ಳದ ಹುಳಿ ಸಿಕ್ಕಿದರೆ ಸೈ. ನಾಲ್ಕನೆಯ ದಿನ ತಡವಾಗಿ ಎದ್ದು ಮರವಂತೆ. ಅಲ್ಲಿ ರಸ್ತೆಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ. ಆ ಒಂದು ಜಾಗದಲ್ಲಿ ಮಾತ್ರ ನನ್ನ ಕಿಟಕಿಗೂ ಆಕೆಯ ಕಿಟಕಿಗೂ ಸಮಪಾಲು. ಮುರ್ಡೇಶ್ವರದಲ್ಲಿ ೧೨೩ ಅಡಿಯ ಶಿವನ ಮೂರ್ತಿ; ಪಕ್ಕದ ರಾಜಗೋಪುರಕ್ಕೆ ಲಿಫ್ಟು ಇದೆಯೆಂಬ ಒಂದೇ ಕಾರಣಕ್ಕೆ ಆಕೆಯ ಮೊಣಕಾಲು ಅದಕ್ಕೆ ಅನುಮತಿ ಕೊಟ್ಟಿದೆ. ರಾತ್ರಿ ಹೊನ್ನಾವರದಲ್ಲಿ, ಶರಾವತಿಯ ದಡದಲ್ಲಿ.

ಐದನೆಯ ದಿನದ ಬೆಳಿಗ್ಗೆ ಮಿರ್ಜಾನಿನ ಕೋಟೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೈಯಲ್ಲಿದ್ದ ಕೋಟೆ ಅದು. ಐವತ್ತು ವರ್ಷಕ್ಕೂ ಮೇಲೆ ಆಳಿದ ಆ ರಾಣಿಯನ್ನು ಪೋರ್ತುಗೀಸರು ಮೆಣಸಿನ ರಾಣಿ ಎನ್ನುತ್ತಿದ್ದರು. ಅಲ್ಲಿಂದ ಗೋಕರ್ಣ. ಗೋಕರ್ಣದಿಂದ ತದಡಿಗೆ ಹೋಗಿ ಅಘನಾಶಿನಿಯ ಮುಖದಲ್ಲಿ ದೋಣಿ ಹತ್ತಬೇಕೆಂದು ನಾನೇ ಸೇರಿಸಿದೆ. ಹುಟ್ಟಿನಿಂದ ಸಮುದ್ರದವರೆಗೆ ಎಲ್ಲೂ ಅಣೆಕಟ್ಟಿಲ್ಲದ ಹೊಳೆ ಅದು. ಅದರ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಕಗ್ಗ ಎಂಬ ಬತ್ತ ಬೆಳೆಯುತ್ತದೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳು. ಕಾರನ್ನು ದಡದಲ್ಲಿ ಬಿಟ್ಟು, ಆಚೆ ದಡಕ್ಕೆ ಹೋಗಿ, ಏನೂ ಕೆಲಸವಿಲ್ಲದೆ ಅದೇ ದೋಣಿಯಲ್ಲಿ ಹಿ೦ದಿರುಗುವುದು. ಪಟ್ಟಿಯಲ್ಲಿ ಈ ಸಾಲನ್ನು ಓದಿ ಆಕೆ ಮುಖವೆತ್ತಿ ನೋಡಿದಳು. ಏನೂ ಹೇಳಲಿಲ್ಲ. ಆದರೆ ಆ ರಾತ್ರಿ ಮಜ್ಜಿಗೆಗೆ ಒಗ್ಗರಣೆ ಬಿದ್ದಿತ್ತು.

ಹೀಗೆ ಎಲ್ಲವೂ ಕೂಡಿ ಉಳಿದದ್ದು ಆರನೆಯ ದಿನ; ಗೋಕರ್ಣದಿಂದ ಅಂಕೋಲೆ, ಅಂಕೋಲೆಯಿಂದ ಕಾರವಾರ. ಅಂಕೋಲೆ ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು. ಬೆಳಿಗ್ಗೆ ಅಲ್ಲಿಯ ಕಡಲತಡಿ ಎಂದು ಬರೆದೆ. ಆಮೇಲಿನ ಮೂವತ್ತು ಮೂವತ್ತೈದು ಕಿಲೋಮೀಟರಿಗೆ ಪೆನ್ಸಿಲು ಮುಂದೆ ಹೋಗಲಿಲ್ಲ. ಯಾವ ಹೊತ್ತಿಗೆ ಆ ಗೋಡೆಯ ಪಕ್ಕದಲ್ಲಿ ಹಾಯುವುದು? ಬೆಳಿಗ್ಗೆಯೇ ಮುಗಿಸಿಬಿಟ್ಟರೆ ದಿನದ ಮಿಕ್ಕ ಭಾಗ ಆಕೆಯ ಮನಸ್ಸು ಕದಡಿರುತ್ತದೆ. ಕತ್ತಲಾದ ಮೇಲೆ ಹಾಯ್ದರೆ ಏನೂ ಕಾಣದು; ಆದರೆ ಕತ್ತಲಲ್ಲಿ ಗಾಡಿ ನಡೆಸುವುದಿಲ್ಲವೆಂಬ ಶಾಸನ ಅಡ್ಡ ಬರುತ್ತದೆ. ಮೂರು ದಿನ ಆ ಸಾಲು ಹಾಗೆಯೇ ಇತ್ತು. ಬೇರೆ ಸಂದರ್ಭದಲ್ಲಾದರೆ ನಾನೇ ಒಂದು ಹೊತ್ತನ್ನು ಬರೆದುಬಿಡುತ್ತಿದ್ದೆ. ಈ ಒಂದು ಸಾಲು ನಾನು ಬರೆಯಬೇಕಾದದ್ದಲ್ಲವೆನಿಸಿತು. ಪೆನ್ಸಿಲನ್ನು ಆಕೆಯ ಕಡೆಗೆ ಇಟ್ಟೆ.

ನಾಲ್ಕನೆಯ ದಿನ ಆಕೆಯೇ ಎತ್ತಿದಳು. “ಅಲ್ರೀ, ಅಲ್ಲಿಗೆ ಸಂಜೆ ಹೋಗೋಣ. ನಾಲ್ಕೂವರೆ ಐದರ ಹೊತ್ತಿಗೆ.”

“ಯಾಕೆ?”

“ಸಂಜೆ ಬಿಸಿಲು ಸಮುದ್ರದ ಕಡೆಯಿಂದ ಬಂದು ಗುಡ್ಡದ ಮೇಲೆ ಬೀಳುತ್ತೆ. ಆಗ ಒಂದೊಂದು ಮರಾನೂ ಕಾಣುತ್ತೆ. ಮನೆ ಹೋಯಿತು, ತೋಟ ಹೋಯಿತು. ಗುಡ್ಡ ಎಲ್ಲಿ ಹೋಗುತ್ತೆ?”

ಭೂಪಟವನ್ನು ತಿರುಗಿಸಿ ನೋಡಿದೆ. ನಿಜ. ಉತ್ತರಕ್ಕೆ ಹೋಗುವಾಗ ಗೋಡೆ ಎಡಕ್ಕೆ, ಗುಡ್ಡ ಬಲಕ್ಕೆ. ಅದು ನನ್ನ ಕಿಟಕಿಯ ಕಡೆ. ಇಷ್ಟು ಲೆಕ್ಕ ಹಾಕಿ ಆಕೆಗೆಂದು ಎಡಗಡೆಯನ್ನು ಕಾದಿರಿಸಿದ್ದಾಯಿತು. ಆಕೆ ನೋಡಬೇಕಾದದ್ದು ಬಲಕ್ಕಿತ್ತು. “ಅಲ್ಲಿಗೆ ಬಂದಾಗ ನಿಧಾನವಾಗಿ ಓಡಿಸಿ. ನಿಲ್ಲಿಸೋದು ಬೇಡ,” ಎಂದಳು. ನಿಲ್ಲಿಸುವುದು ಏಕೆ ಬೇಡವೆಂದು ನಾನು ಕೇಳಲಿಲ್ಲ. ಬೇಡ ಎಂದವರನ್ನು ಕಾರಣ ಕೇಳಕೂಡದು.

ಅದಾದ ಮೇಲೆ ಆಕೆ ಖಾಲಿ ಬಿಟ್ಟಿದ್ದ ಎರಡನೆಯ ಬೇಕನ್ನೂ ಬರೆದಳು: ಅತ್ತೆಯ ಮನೆ, ಮಧ್ಯಾಹ್ನದ ಊಟ. ಆಕೆಯ ಸೋದರಮಾವನ ಹೆಂಡತಿ. ಅಜ್ಜನ ಮನೆಗೆ ಸೊಸೆಯಾಗಿ ಬಂದು, ಅಲ್ಲಿ ಕೊನೆಯ ಸಲ ಒಲೆ ಆರಿಸಿದವರು ಅವರೇ. ಈಗ ಎಂಬತ್ತೈದು ದಾಟಿದೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಜನ ಇಂದಿಗೂ ನಿರಾಶ್ರಿತರ ಕಾಲೊನಿ ಎಂದೇ ಕರೆಯುವ ಕಡೆ ಮಗನ ಜೊತೆ ಇದ್ದಾರೆ. ಆ ಮನೆಯಲ್ಲಿ ಬಾಳಿದವರಲ್ಲಿ ಉಳಿದವರು ಅವರೊಬ್ಬರೇ. ಬರುತ್ತೇವೆಂದು ಫೋನು ಮಾಡಿದಾಗ ಅವರ ದನಿ ಕೋಣೆಯ ಈಚೆಗೂ ಕೇಳಿಸಿತು: “ಯಾವಾಗಾರೂ ಬಾ ತಂಗೀ. ಬರೂ ಮುಂಚೆ ಒಂದ್ ಮಾತ್ ಹೇಳು, ಅಕ್ಕಿ ಜಾಸ್ತಿ ಹಾಕೂಕೆ.” ಅದಾದ ಮೇಲೆ ಇಬ್ಬರೂ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ವರಾಂಡಕ್ಕೆ ಹೋಗಿ ಪತ್ರಿಕೆ ಬಿಡಿಸಿದೆ.

ಫೋನು ಇಟ್ಟು ಬಂದವಳು, “ಕಾರಿನ ಡಿಕ್ಕೀಲಿ ಒಂದು ಮೂರಡಿ ಜಾಗ ಬಿಡಿ,” ಎಂದಳು.

ಮನೆ ಬಿಡುವ ವರ್ಷ ಅತ್ತೆ ಅಂಗಳದ ತೆಂಗಿನ ಮರದ ನಾಲ್ಕು ಕಾಯಿಗಳನ್ನು ಮೊಳಕೆಗೆ ಇಟ್ಟು ಜೊತೆಗೆ ಕೊಂಡೊಯ್ದಿದ್ದರಂತೆ. ಎರಡು ಬದುಕಿ ಮರವಾಗಿವೆ. ಅವುಗಳ ಕಾಯಿಯಿಂದ ಈಗ ಒಂದು ಸಸಿ ಎಬ್ಬಿಸಿ ಇಡುತ್ತಾರಂತೆ. ಊರಿನ ತೆಂಗು ಕಾಯಿ ಬಿಡುವುದಕ್ಕೆ ಏಳೆಂಟು ವರ್ಷ ಬೇಕು. ನನಗೆ ಈಗ ಅರವತ್ತನಾಲ್ಕು. ಮೂವತ್ತಕ್ಕೆ ನಲವತ್ತು ಅಡಿಯ ನಮ್ಮ ನಿವೇಶನದಲ್ಲಿ ಕಾರು ನಿಲ್ಲುವ ಜಾಗ, ನೀರಿನ ತೊಟ್ಟಿ, ತುಳಸಿ ಕಟ್ಟೆ ಬಿಟ್ಟರೆ ಉಳಿದಿರುವುದು ಈಶಾನ್ಯದ ಮೂಲೆಯ ನಾಲ್ಕಡಿ ನೆಲ. ಮರ ಬೆಳೆದರೆ ಗರಿಗಳು ಪಕ್ಕದ ಮನೆಯವರ ಮಹಡಿಗೆ ಬಾಗುತ್ತವೆ; ಅವರೊಡನೆ ಮುಂಚಿತವಾಗಿ ಒಂದು ಮಾತು ಆಡಿಟ್ಟಿರಬೇಕು.

ಪಟ್ಟಿ ಈಗ ಪೂರ್ತಿಯಾಗಿದೆ. ನಲವತ್ತಮೂರರಲ್ಲಿ ಹದಿನಾಲ್ಕು ಉಳಿದುವು. ಗಾಡಿಗೆ ಹೊಸ ಎಣ್ಣೆ ಹಾಕಿಸಿದ್ದಾಯಿತು. ಹಿಂದಿನ ಎಡಗಡೆಯ ಚಕ್ರ ಬದಲಾಯಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದಾನೆ. ನಿನ್ನೆ ಸಂಜೆ ಸನಿಕೆ ತೆಗೆದುಕೊಂಡು ಈಶಾನ್ಯದ ಮೂಲೆಯಲ್ಲಿ ಒಂದಡಿ ಅಗೆದು ನೋಡಿದೆ. ಮೇಲೆ ಇಟ್ಟಿಗೆ ಚೂರು, ಗಾರೆ. ಅದರ ಕೆಳಗೆ ಒಳ್ಳೆಯ ಕೆಂಪು ಮಣ್ಣು ಸಿಕ್ಕಿತು.